ಸ್ವಲ್ಪ ಒಡೆದ ದನಿ: ಚಾರ್ಲಿ ಕ್ರಿಶ್ಚಿಯನ್

ಜಾಝ್ ನುಡಿಸುವಾಗ ಗಿಟಾರ್ ಸೌಂಡ್ ಪೂರ್ತಿ ಕ್ಲೀನಾಗಿರಬೇಕು, ಓವರ್‌ಡ್ರೈವ್ ಪೆಡಲ್ ರಾಕ್ ಬ್ಯಾಂಡಿನವರ ಬ್ಯಾಗಲ್ಲೇ ಇರಲಿ ಅನ್ನೋದು ಕಾಲೇಜ್ ಬ್ಯಾಂಡುಗಳಲ್ಲಿ ಯಾರೂ ಬರೆದಿಡದ ರೂಲು. ಕಳೆದ ವರ್ಷ ಫೆಸ್ಟ್ ಹೊತ್ತಿಗೂ ನಮ್ಮಲ್ಲಿ ಈ ಜಗಳ ಇತ್ತು, ಈ ವರ್ಷವೂ ಇದೆ. ನಾವು ಯಾವ ಪಾರ್ಟಿ ಅಂತ ಮೊದಲೇ ಹೇಳಿಬಿಡ್ತೀವಿ: ಪೆಡಲ್ ಪಾರ್ಟಿ. ನಮ್ಮ ಕಡೆಯ ಸಾಕ್ಷಿ 1942ರಲ್ಲೇ ತೀರಿಕೊಂಡ ಒಬ್ಬ ಗಿಟಾರಿಸ್ಟ್. ಅವನು ಓವರ್‌ಡ್ರೈವ್ ಪೆಡಲ್ ಅನ್ನೋ ವಸ್ತುವನ್ನ ಕಣ್ಣಲ್ಲೂ ಕಂಡವನಲ್ಲ. ಆದರೆ ಜಾಝ್‌ನಲ್ಲಿ ಎಲೆಕ್ಟ್ರಿಕ್ ಗಿಟಾರ್ ಅಂದ ಕೂಡಲೇ ಎಲ್ಲರೂ ಮೊದಲು ಹೇಳೋ ಹೆಸರು ಅವನದೇ: ಚಾರ್ಲಿ ಕ್ರಿಶ್ಚಿಯನ್. (ಅವನು ಅಂತ ಏಕವಚನದಲ್ಲಿ ಬರೆಯೋದಕ್ಕೆ ಯಾರೂ ಬೇಜಾರು ಮಾಡ್ಕೋಬೇಡಿ. ತೀರಿಕೊಂಡಾಗ ಅವನಿಗೆ 25, ಅಂದ್ರೆ ನಮ್ಮ ಸೀನಿಯರ್‌ಗಳ ಸೀನಿಯರ್ ವಯಸ್ಸು.)

ಚಾರ್ಲಿ ಹುಟ್ಟಿದ್ದು 1916ರ ಜುಲೈ 29ರಂದು, ಅಮೆರಿಕದ ಟೆಕ್ಸಸ್ ರಾಜ್ಯದ ಬಾನ್‌ಹ್ಯಾಮ್ ಅನ್ನೋ ಸಣ್ಣ ಊರಲ್ಲಿ. ಅವನಿನ್ನೂ ಮಗುವಾಗಿದ್ದಾಗಲೇ ಮನೆಯವರು ಒಕ್ಲಹೋಮ ಸಿಟಿಗೆ ಬಂದರು. ಅಪ್ಪ ಸಂಗೀತಗಾರ, ಜ್ವರ ಬಂದು ಕಣ್ಣು ಕಳ್ಕೊಂಡಿದ್ದ. ಹೊಟ್ಟೆಪಾಡಿಗೆ ಅಪ್ಪ ಮತ್ತು ಮಕ್ಕಳು ವಾದ್ಯ ಹಿಡ್ಕೊಂಡು ಸಾಹುಕಾರರ ಬೀದಿಗಳಲ್ಲಿ ಮನೆ ಮನೆ ಮುಂದೆ ನಿಂತು ನುಡಿಸೋರು. ಕೆಲವರು ದುಡ್ಡು ಕೊಡೋರು, ಕೆಲವರು ಸಾಮಾನು. ತೀರಾ ಚಿಕ್ಕವನಾದ ಚಾರ್ಲಿಯ ಕೆಲಸ ಕುಣಿಯೋದು. ಅವನಿಗೆ 12 ಆದಾಗ ಅಪ್ಪ ತೀರಿಕೊಂಡ. ಮಗನಿಗೆ ಆಸ್ತಿ ಅಂತ ಸಿಕ್ಕಿದ್ದು ಅಪ್ಪನ ವಾದ್ಯಗಳು.

ಅದೇ ಊರಿನ, ಅದೇ ಡಗ್ಲಸ್ ಶಾಲೆಯಲ್ಲಿ ಓದಿದ ಇನ್ನೊಬ್ಬ ಹುಡುಗ ಮುಂದೆ ದೊಡ್ಡ ಕಾದಂಬರಿಕಾರನಾದ: ರಾಲ್ಫ್ ಎಲಿಸನ್. ಚಾರ್ಲಿ ಶಾಲೆಯಲ್ಲಿ ಸಿಗಾರ್ ಡಬ್ಬಗಳಿಂದ ಗಿಟಾರ್ ಮಾಡಿ ನುಡಿಸುತ್ತಿದ್ದದ್ದನ್ನ ಎಲಿಸನ್ ನೆನಪಿಟ್ಟು ಬರೆದಿದ್ದಾರೆ. ವರ್ಕ್‌ಶಾಪ್ ಲ್ಯಾಬಲ್ಲಿ ಫೈಲ್ ಉಜ್ಜಿ ಉಜ್ಜಿ ಕೈ ನೋಯಿಸಿಕೊಂಡ ನಮಗೆ ಇದು ತುಂಬಾ ಇಷ್ಟವಾದ ವಿಷಯ. ಶಾಲೆಯ ಬ್ಯಾಂಡಿನಲ್ಲಿ ಚಾರ್ಲಿಗೆ ಬೇಕಿದ್ದದ್ದು ಟೆನರ್ ಸ್ಯಾಕ್ಸೋಫೋನ್. ಟೀಚರ್ ಝೀಲಿಯಾ ಬ್ರೋ ಅವರು ಟ್ರಂಪೆಟ್ ನುಡಿಸು ಅಂದರಂತೆ. ಟ್ರಂಪೆಟ್ ಊದಿದ್ರೆ ತುಟಿ ಕೆಡುತ್ತೆ ಅಂತ ಹೆದರಿ ಇವನು ಬೇಸ್‌ಬಾಲ್ ಆಡೋಕೆ ಹೋದ ಅನ್ನೋದು ಕತೆ.

ಸ್ಯಾಕ್ಸೋಫೋನ್ ಕೈಗೆ ಸಿಗಲಿಲ್ಲ, ಕಿವಿಯಲ್ಲಿ ಮಾತ್ರ ಉಳ್ಕೊಂಡ್ತು. ಒಕ್ಲಹೋಮ ಸಿಟಿಯ ಸೆಕೆಂಡ್ ಸ್ಟ್ರೀಟ್ ಆಗ ಕಪ್ಪು ಜನರ ಅಂಗಡಿ, ಕ್ಲಬ್, ಡಾನ್ಸ್ ಹಾಲ್‌ಗಳ ಬೀದಿ. ಅಲ್ಲಿಗೆ ಬಂದು ಹೋಗೋ ಬ್ಯಾಂಡುಗಳ ಜೊತೆ ಟೆನರ್ ಸ್ಯಾಕ್ಸೋಫೋನಿನ ಲೆಸ್ಟರ್ ಯಂಗ್ ಕೂಡ ಬಂದಿದ್ದರು. ಯಂಗ್ ಊದುತ್ತಿದ್ದ ಸಾಲುಗಳು ಉದ್ದ, ಆತುರವಿಲ್ಲದ್ದು, ಬಾರ್ ಗೆರೆ ದಾಟಿ ಆರಾಮಾಗಿ ಹರಿಯುವಂಥವು. ಚಾರ್ಲಿ ಮುಂದೆ ಗಿಟಾರಿನಲ್ಲಿ ನುಡಿಸಿದ್ದನ್ನ ಕೇಳಿದ್ರೆ, ಅವನು ಜೀವನಪೂರ್ತಿ ಆರು ತಂತಿಯ ಮೇಲೆ ಟೆನರ್ ಸ್ಯಾಕ್ಸೋಫೋನೇ ನುಡಿಸಿದ ಅಂತ ಅನ್ಸುತ್ತೆ.

ಅದಕ್ಕೆ ಅಡ್ಡಿಯಾಗಿ ಎರಡು ಸಮಸ್ಯೆ ಇದ್ದವು. ಎರಡೂ ನಮ್ಮ ಸಿಲಬಸ್ಸಿಗೆ ಸೇರಿದವೇ.

ಮೊದಲನೇದು ಸದ್ದು. ಒಂದು ಸ್ವಿಂಗ್ ಬ್ಯಾಂಡ್ ಅಂದ್ರೆ ಟ್ರಂಪೆಟ್ ಸಾಲು, ಟ್ರೊಂಬೋನ್ ಸಾಲು, ಸ್ಯಾಕ್ಸೋಫೋನ್ ಸಾಲು, ಮೇಲೆ ಡ್ರಮ್ಸ್. ಇವರ ಮಧ್ಯೆ ಮೈಕಿಲ್ಲದ ಗಿಟಾರ್ ಯಾರಿಗೆ ಕೇಳಿಸಬೇಕು? ಹಾಗಾಗಿ ಗಿಟಾರಿಸ್ಟಿನ ಕೆಲಸ ಬಾರಿಗೆ ನಾಲ್ಕು ಸಲ ಕಾರ್ಡ್ ಬಾರಿಸಿ ತಾಳ ಹಿಡಿಯೋದು, ಅಷ್ಟೇ. ಕೌಂಟ್ ಬೇಸಿಯ ಬ್ಯಾಂಡಿನಲ್ಲಿ ಫ್ರೆಡ್ಡಿ ಗ್ರೀನ್ ಅದನ್ನೇ ಒಂದು ದೊಡ್ಡ ಕಲೆ ಮಾಡಿ ತೋರಿಸಿದರು, ಒಪ್ಪೋಣ. ಆದರೆ ಒಂಟಿ ಸ್ವರದ ಸೋಲೋ ಆ ಗದ್ದಲದಲ್ಲಿ ಸಾಧ್ಯವಿರಲಿಲ್ಲ.

ಎರಡನೇದು ಉಸಿರು. ಸ್ಯಾಕ್ಸೋಫೋನ್ ಊದೋರು ಒಂದು ಸ್ವರವನ್ನ ಉಸಿರಿರೋ ತನಕ ಹಿಡಿಯಬಹುದು. ತಂತಿ ಮೀಟಿದ ಕ್ಷಣವೇ ಗಿಟಾರಿನ ಸ್ವರ ಸಾಯೋಕೆ ಶುರು.

1936ರಲ್ಲಿ ಗಿಬ್ಸನ್ ಕಂಪನಿ ಇಎಸ್-150 ಅನ್ನೋ ಗಿಟಾರ್ ಮಾರುಕಟ್ಟೆಗೆ ತಂತು. ಗಿಟಾರ್, ಆಂಪ್ಲಿಫೈಯರ್, ಕೇಬಲ್ ಎಲ್ಲಾ ಸೇರಿ ಸುಮಾರು 150 ಡಾಲರ್. ಇದರ ತಂತಿಗಳ ಕೆಳಗೆ ಒಂದು ಪಿಕಪ್: ಕಾಯಿಲ್, ಅದರ ಮಧ್ಯೆ ಒಂದು ಉಕ್ಕಿನ ಪಟ್ಟಿ, ಆ ಪಟ್ಟಿಗೆ ಅಂಟಿಕೊಂಡ ಭಾರಿ ಅಯಸ್ಕಾಂತಗಳು. ಅಯಸ್ಕಾಂತ ಎಷ್ಟು ದೊಡ್ಡದು ಅಂದ್ರೆ ಗಿಟಾರಿನ ಹೊಟ್ಟೆಯೊಳಗೆ ಇಟ್ಟು, ಮೇಲಿಂದ ಮೂರು ಸ್ಕ್ರೂ ಹಾಕಿ ಬಿಗಿಯಬೇಕಿತ್ತು. ಉಕ್ಕಿನ ತಂತಿ ಅಲ್ಲಾಡಿದ್ರೆ ಕಾಯಿಲಿನಲ್ಲಿ ಫ್ಲಕ್ಸ್ ಬದಲಾಗುತ್ತೆ, ವೋಲ್ಟೇಜ್ ಹುಟ್ಟುತ್ತೆ. ಪಿಯುಸಿ ಫಿಸಿಕ್ಸಿನ ಫ್ಯಾರಡೆ ನಿಯಮ, ಬೇರೇನಿಲ್ಲ. ಇವತ್ತಿಗೂ ಆ ಮಾದರಿಯ ಪಿಕಪ್ಪನ್ನ ಚಾರ್ಲಿ ಕ್ರಿಶ್ಚಿಯನ್ ಪಿಕಪ್ ಅಂತಲೇ ಕರೀತಾರೆ.

ಎಲೆಕ್ಟ್ರಿಕ್ ಗಿಟಾರ್ ನುಡಿಸಿದವರಲ್ಲಿ ಚಾರ್ಲಿ ಮೊದಲಿಗನಲ್ಲ. ಟ್ರೊಂಬೋನ್, ಗಿಟಾರ್ ಎರಡೂ ನುಡಿಸುತ್ತಿದ್ದ ಎಡ್ಡಿ ಡರ್ಹಮ್ ಅವನಿಗಿಂತ ಮುಂಚೆಯೇ ಈ ದಾರಿಯಲ್ಲಿದ್ದರು, ಚಾರ್ಲಿಗೆ ಇದರ ರುಚಿ ಹತ್ತಿಸಿದ್ದರಲ್ಲಿ ಅವರ ಪಾಲೂ ಇದೆ. ಆದರೆ ಗಿಟಾರನ್ನ ಜೋರು ಮಾಡೋದು ಬೇರೆ, ಆ ಜೋರಿನಿಂದ ಹೊಸ ದನಿ ತೆಗೆಯೋದು ಬೇರೆ.

ಇಲ್ಲಿ ಆಂಪ್ಲಿಫೈಯರ್ ಬಗ್ಗೆ ಸ್ವಲ್ಪ ನಿಲ್ಲಲೇಬೇಕು. ಇಎಸ್-150 ಜೊತೆ ಬರ್ತಿದ್ದ ಇಎಚ್-150 ಆಂಪ್ ವ್ಯಾಕ್ಯೂಮ್ ಟ್ಯೂಬುಗಳದ್ದು, ಶಕ್ತಿ ಸುಮಾರು 15 ವಾಟ್. ಇಷ್ಟು ಚಿಕ್ಕ ಆಂಪನ್ನ ಡ್ರಮ್ಸ್ ಎದುರು ನಿಲ್ಲಿಸಿದ್ರೆ ವಾಲ್ಯೂಮ್ ತಿರುಗಿಸಲೇಬೇಕು. ತಿರುಗಿಸ್ತಾ ಹೋದ್ರೆ ಟ್ಯೂಬ್ ತನ್ನ ಮಿತಿ ಮುಟ್ಟುತ್ತೆ, ಅಲೆಯ ತುದಿಗಳು ಮೆತ್ತಗೆ ಚಪ್ಪಟೆ ಆಗ್ತವೆ. ಥರ್ಡ್ ಸೆಮ್ ಲ್ಯಾಬಿನ ಕ್ಲಿಪ್ಪರ್ ಸರ್ಕ್ಯೂಟ್ ನೆನಪಿದೆಯಲ್ಲ, ಸಿಆರ್‌ಓ ಪರದೆ ಮೇಲೆ ಸೈನ್ ವೇವಿನ ತಲೆ ಬೋಳಾಗಿ ಕಾಣಿಸ್ತಿತ್ತಲ್ಲ, ಅದರದ್ದೇ ಸೌಮ್ಯ ರೂಪ. ತುದಿ ಚಪ್ಪಟೆ ಆದಾಗ ಎರಡು ಕೆಲಸ ಆಗುತ್ತೆ. ಮೂಲ ಸ್ವರಕ್ಕೆ ಹೊಸ ಹಾರ್ಮೋನಿಕ್ಸ್ ಸೇರಿ ದನಿಗೆ ಒಂದು ಒರಟು ಬರುತ್ತೆ, ಸ್ಯಾಕ್ಸೋಫೋನಿನ ರೀಡ್ ಗೊರಗುಟ್ಟೋ ಥರ. ಜೊತೆಗೆ, ಜೋರಾದ ಮೀಟು ಮತ್ತು ಕ್ಷೀಣಿಸಿದ ಸ್ವರ ಎರಡರ ಮಟ್ಟವೂ ಹತ್ತಿರ ಹತ್ತಿರ ಬರೋದ್ರಿಂದ ಸ್ವರ ಬೇಗ ಸತ್ತ ಹಾಗೆ ಕೇಳಿಸಲ್ಲ. ಗಿಟಾರಿಗೆ ಉಸಿರು ಬಂತು! ಚಾರ್ಲಿಯ ಎರಡನೇ ಸಮಸ್ಯೆ ಪೂರ್ತಿ ಬಗೆಹರಿಯದಿದ್ರೂ ಎಷ್ಟೋ ಹಗುರಾಯ್ತು. ಓವರ್‌ಡ್ರೈವ್ ಪೆಡಲ್ ಇವತ್ತು ಮಾಡೋ ಕೆಲಸವೂ ಇದೇ.

ಈಗ 1939ಕ್ಕೆ ಬರೋಣ. ಪಿಯಾನೋ ನುಡಿಸುತ್ತಿದ್ದ ಮೇರಿ ಲೂ ವಿಲಿಯಮ್ಸ್ ಅವರು ಒಕ್ಲಹೋಮದಲ್ಲಿ ಇಂಥ ಒಬ್ಬ ಹುಡುಗ ಇದ್ದಾನೆ ಅಂತ ರೆಕಾರ್ಡ್ ನಿರ್ಮಾಪಕ ಜಾನ್ ಹ್ಯಾಮಂಡ್ ಕಿವಿಗೆ ಹಾಕಿದರು. ಹ್ಯಾಮಂಡ್ ಅಲ್ಲಿಗೇ ಹೋಗಿ ಕೇಳಿ, ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್‌ಗೆ ಶಿಫಾರಸು ಮಾಡಿದರು. ಗುಡ್‌ಮನ್ ಅಂದ್ರೆ ಆಗ ಅಮೆರಿಕ ಪೂರ್ತಿ ಕುಣಿಸ್ತಿದ್ದ ಸ್ವಿಂಗ್ ಬ್ಯಾಂಡಿನ ಯಜಮಾನ. ಅವರಿಗೆ ಎಲೆಕ್ಟ್ರಿಕ್ ಗಿಟಾರ್ ಅಂದ್ರೆ ಅಷ್ಟಕ್ಕಷ್ಟೇ.

ಮುಂದಿನದ್ದು ಹ್ಯಾಮಂಡ್ ಹೇಳಿದ ಕತೆ, ಸ್ವಲ್ಪ ಮಸಾಲೆ ಇದ್ದರೂ ಇರಬಹುದು. ಮೊದಲ ಭೇಟಿಯಲ್ಲಿ ಗುಡ್‌ಮನ್ ಆಂಪ್ ಜೋಡಿಸೋಕೂ ಪುರುಸೊತ್ತು ಕೊಡದೆ ಒಂದಿಷ್ಟು ಕಾರ್ಡ್ ಕೇಳಿ ಸಾಗಹಾಕಿದರು. ಆ ರಾತ್ರಿ, ಆಗಸ್ಟ್ 16ರಂದು, ಬೆವರ್ಲಿ ಹಿಲ್ಸ್‌ನ ವಿಕ್ಟರ್ ಹ್ಯೂಗೋ ರೆಸ್ಟೋರೆಂಟಿನಲ್ಲಿ ಬ್ಯಾಂಡಿನ ಕಾರ್ಯಕ್ರಮ. ಗುಡ್‌ಮನ್ ಊಟಕ್ಕೆ ಹೋದಾಗ ಹ್ಯಾಮಂಡ್ ಮತ್ತು ಬಾಸ್ ವಾದಕ ಆರ್ಟಿ ಬರ್ನ್‌ಸ್ಟೈನ್ ಸೇರ್ಕೊಂಡು ಚಾರ್ಲಿಯ ಆಂಪನ್ನ ಅಡುಗೆಮನೆ ಕಡೆಯಿಂದ ಸ್ಟೇಜಿಗೆ ಸಾಗಿಸಿದರು. ವಾಪಸ್ ಬಂದ ಯಜಮಾನರಿಗೆ ಕೋಪ ಬಂತು, ಜನರ ಎದುರು ಏನೂ ಮಾಡೋ ಹಾಗಿಲ್ಲ. ಈ ಹಳ್ಳಿ ಹುಡುಗನಿಗೆ ಗೊತ್ತಿರಲ್ಲ ಅಂತ ಲೆಕ್ಕ ಹಾಕಿ ರೋಸ್ ರೂಮ್ ಅನ್ನೋ ಟ್ಯೂನ್ ಕರೆದರು. ಅದು ಚಾರ್ಲಿಗೆ ಚೆನ್ನಾಗಿ ಗೊತ್ತಿತ್ತು. ಅವನು ಒಂದು ಸುತ್ತು ಸೋಲೋ ನುಡಿಸಿದ, ಇನ್ನೊಂದು ಸುತ್ತು ಅಂದರು, ಮತ್ತೊಂದು ಅಂದರು, ಒಂದೇ ಟ್ಯೂನ್ ಮುಕ್ಕಾಲು ಗಂಟೆ ನಡೀತು. ಆ ರಾತ್ರಿಯೇ ಕೆಲಸ ಪಕ್ಕಾ.

ಅದಕ್ಕೆ ಮುಂಚೆ ಅವನ ದುಡಿಮೆ ರಾತ್ರಿಗೆ ಎರಡೂವರೆ ಡಾಲರ್ ಇತ್ತು, ಗುಡ್‌ಮನ್ ಬ್ಯಾಂಡಿನಲ್ಲಿ ವಾರಕ್ಕೆ 150 ಆಯ್ತು ಅಂತಾರೆ. ಲೆಕ್ಕ ಹಾಕಿ ನೋಡಿ. ಮೊದಲು 60 ರಾತ್ರಿ ದುಡಿದ್ರೆ ಬರ್ತಿದ್ದ ಗಿಟಾರ್ ಸೆಟ್ಟು ಈಗ ಒಂದೇ ವಾರದ ಸಂಬಳ!

ಗುಡ್‌ಮನ್ ತಮ್ಮ ದೊಡ್ಡ ಬ್ಯಾಂಡಿನ ಒಳಗೇ ಆರು ಜನರ ಒಂದು ಸೆಕ್ಸ್‌ಟೆಟ್ ಕಟ್ಟಿದ್ದರು. ಕಪ್ಪು ಕಲಾವಿದರು ಬಿಳಿಯರ ಜೊತೆ ಒಂದೇ ಸ್ಟೇಜ್ ಹತ್ತೋದೇ ಅಪರೂಪವಾಗಿದ್ದ ಕಾಲ ಅದು. ಆ ಆರರಲ್ಲಿ ವೈಬ್ರಫೋನಿನ ಲಯನಲ್ ಹ್ಯಾಂಪ್ಟನ್, ಪಿಯಾನೋದ ಫ್ಲೆಚರ್ ಹೆಂಡರ್ಸನ್, ಗಿಟಾರಿನ ಚಾರ್ಲಿ ಮೂವರೂ ಕಪ್ಪು ಜನ. 1939ರ ಅಕ್ಟೋಬರ್ 2ರಂದು ಇವರು ಫ್ಲೈಯಿಂಗ್ ಹೋಮ್ ಮತ್ತು ರೋಸ್ ರೂಮ್ ರೆಕಾರ್ಡ್ ಮಾಡಿದರು. ಡಿಸೆಂಬರಿನ ಡೌನ್ ಬೀಟ್ ಪತ್ರಿಕೆಯಲ್ಲಿ ಚಾರ್ಲಿಯ ಹೆಸರಲ್ಲಿ ಒಂದು ಲೇಖನವೂ ಬಂತು. ಕೆಲಸವಿಲ್ಲದೆ ಒದ್ದಾಡ್ತಿರೋ ಗಿಟಾರಿಸ್ಟುಗಳಿಗೆ ಆಂಪ್ಲಿಫೈಯರ್ ಒಂದು ದಾರಿ ಅನ್ನೋದು ಅದರ ಸಾರ. 23 ವರ್ಷದವನು ದೇಶದ ಗಿಟಾರಿಸ್ಟುಗಳಿಗೆಲ್ಲ ಬುದ್ಧಿ ಹೇಳ್ತಿದ್ದಾನೆ, ಅವರು ಕೇಳ್ತಲೂ ಇದ್ದಾರೆ.

1941ರ ಮಾರ್ಚ್ 4ರ ಸೋಲೋ ಫ್ಲೈಟ್ ರೆಕಾರ್ಡಿಂಗ್ ಕೇಳಿದ್ರೆ ಐದೇ ವರ್ಷದಲ್ಲಿ ಎಷ್ಟು ಬದಲಾವಣೆ ಆಗಿತ್ತು ಅಂತ ಗೊತ್ತಾಗುತ್ತೆ. ಯಾವ ಟ್ರಂಪೆಟ್, ಟ್ರೊಂಬೋನ್ ಸಾಲುಗಳ ನಡುವೆ ಗಿಟಾರ್ ಕೇಳಿಸ್ತಾನೇ ಇರಲಿಲ್ಲವೋ, ಅವೇ ಸಾಲುಗಳು ಇಲ್ಲಿ ಹಿನ್ನೆಲೆಗೆ ಸರಿದು ಗಿಟಾರಿಗೆ ಜಾಗ ಬಿಟ್ಟಿವೆ.

ಆದರೆ ನಮ್ಮ ಸಾಕ್ಷ್ಯ ಇರೋದು ಸ್ಟುಡಿಯೋದಲ್ಲಲ್ಲ, ಹಾರ್ಲೆಮ್‌ನಲ್ಲಿ. ನ್ಯೂಯಾರ್ಕಿನ 118ನೇ ಬೀದಿಯ ಮಿಂಟನ್ಸ್ ಪ್ಲೇಹೌಸ್‌ನಲ್ಲಿ ಡ್ರಮ್ಸಿಗೆ ಕೆನ್ನಿ ಕ್ಲಾರ್ಕ್, ಪಿಯಾನೋಗೆ ಥೆಲೋನಿಯಸ್ ಮಂಕ್. ಗುಡ್‌ಮನ್ ಜೊತೆಗಿನ ಡ್ಯೂಟಿ ಮುಗಿಸಿ ಚಾರ್ಲಿ ಅಲ್ಲಿಗೆ ಹೋಗಿ ಬೆಳಗಿನ ಜಾವದವರೆಗೂ ನುಡಿಸೋನು. ದಿನಾ ಹೊತ್ತು ತರೋ ಕಷ್ಟ ಬೇಡ ಅಂತ ಅವನಿಗಾಗಿ ಅಲ್ಲೇ ಒಂದು ಆಂಪ್ ಇಟ್ಟಿದ್ದರು. ಮುಂದೆ ಬೀಬಾಪ್ ಅಂತ ಹೆಸರಾದ ಜಾಝ್ ಹುಟ್ಟಿದ ಜಾಗಗಳಲ್ಲಿ ಇದೂ ಒಂದು.

1941ರ ಮೇ ತಿಂಗಳಲ್ಲಿ ಕೊಲಂಬಿಯ ಯೂನಿವರ್ಸಿಟಿಯ ಒಬ್ಬ ಸ್ಟೂಡೆಂಟು, ಜೆರ್ರಿ ನ್ಯೂಮನ್, ತನ್ನ ಡಿಸ್ಕ್ ರೆಕಾರ್ಡರ್ ಹೊತ್ತು ತಂದು ಈ ರಾತ್ರಿಗಳನ್ನ ಹಿಡಿದಿಟ್ಟ. ನಮ್ಮ ನಿಮ್ಮಂಥ ಒಬ್ಬ ಕಾಲೇಜ್ ಹುಡುಗನ ಹುಚ್ಚು ಇಲ್ಲದಿದ್ರೆ ಇದ್ಯಾವುದೂ ಉಳೀತಿರಲಿಲ್ಲ. ಮುಂದೆ ಸ್ವಿಂಗ್ ಟು ಬಾಪ್ ಅಂತ ಹೆಸರಿಟ್ಟು ಹೊರಬಂದ ಟ್ರ್ಯಾಕ್ ಚಾರ್ಲಿಯ ಸೋಲೋದ ಮಧ್ಯದಿಂದಲೇ ಶುರುವಾಗುತ್ತೆ, ಬಾಗಿಲು ತೆಗೆದ ಕೂಡಲೇ ಸಂಗೀತ ಮುಖಕ್ಕೆ ಬಡಿದ ಹಾಗೆ. ಅದನ್ನ ಹೆಡ್‌ಫೋನಿನಲ್ಲಿ ಕೇಳಿ. ಸ್ವರಗಳ ಅಂಚು ನುಣುಪಾಗಿಲ್ಲ. ಜೋರಾಗಿ ಮೀಟಿದ ಕಡೆ ದನಿ ಸ್ವಲ್ಪ ಒಡೆಯುತ್ತೆ, ದಪ್ಪಗಾಗುತ್ತೆ, ಮೆತ್ತಗೆ ಮೀಟಿದ ಕಡೆ ತಿಳಿಯಾಗುತ್ತೆ. ಅದರಲ್ಲಿ ಒಂದು ಪಾಲು ನ್ಯೂಮನ್‌ನ ಯಂತ್ರದ್ದೂ ಇರುತ್ತೆ. ಆದರೆ ಮೀಟಿಗೆ ತಕ್ಕಂತೆ ಬದಲಾಗೋ ಆ ಒರಟುತನ ಟ್ಯೂಬ್ ಆಂಪಿನದ್ದು ಅಂತಲೇ ನಮ್ಮ ಕಿವಿ ಹೇಳುತ್ತೆ.

ಹಾಗಾದ್ರೆ ಕ್ಲೀನ್ ಪಾರ್ಟಿಯವರು ಹೇಳೋದೆಲ್ಲ ಸುಳ್ಳಾ? ಅವರ ಮಾತಲ್ಲೂ ಅರ್ಧ ಸತ್ಯ ಇದೆ, ಅದು ಕಾರ್ಡುಗಳ ವಿಷಯದಲ್ಲಿ. ಕ್ಲಿಪ್ಪಿಂಗ್ ನಾನ್-ಲೀನಿಯರ್, ಎರಡು ಸ್ವರ ಒಟ್ಟಿಗೆ ಕೊಟ್ರೆ ನಾವು ಕೇಳದ ಸ್ವರಗಳನ್ನೂ ಹುಟ್ಟಿಸುತ್ತೆ. ರಾಕ್‌ನವರ ಪವರ್ ಕಾರ್ಡ್ ತಗೊಳ್ಳಿ: 110 ಹರ್ಟ್ಝ್‌ನ ಎ, 165ರ ಇ. ಇವುಗಳ ವ್ಯತ್ಯಾಸ 55. ಎರಡನೇದರ ಇಮ್ಮಡಿಯಲ್ಲಿ ಮೊದಲನೇದನ್ನ ಕಳೆದ್ರೆ 220. ಎರಡೂ ಎ ಸ್ವರವೇ, ಎಲ್ಲ ಒಂದೇ ಮನೆಯವರು. ಈಗ ಜಾಝ್‌ನ ಜಿ ಸೆವೆಂತ್ ಕಾರ್ಡಿನ ಜೀವಾಳವಾದ ಬಿ ಮತ್ತು ಎಫ್ ತಗೊಳ್ಳಿ: 247 ಮತ್ತು 349. ವ್ಯತ್ಯಾಸ 102, ಅದು ಜಿ ಮತ್ತು ಜಿ ಶಾರ್ಪ್ ನಡುವೆ ಎಲ್ಲೋ ತೂಗಾಡುತ್ತೆ. ಇಮ್ಮಡಿ ಮಾಡಿ ಕಳೆದ್ರೆ 451, ಎ ಮತ್ತು ಎ ಶಾರ್ಪ್ ನಡುವೆ. ಕರೆಯದೇ ಬಂದ ಇಂಥ ನೆಂಟರು ಸೇರಿದ್ರೆ ಕಾರ್ಡ್ ಕಲಸನ್ನ ಆಗುತ್ತೆ. ಸೆವೆಂತ್, ನೈಂತ್ ಅಂತ ಸ್ವರ ಪೇರಿಸಿದಷ್ಟೂ ನೆಂಟರು ಜಾಸ್ತಿ.

ಚಾರ್ಲಿಗೆ ಇದು ಯಾಕೆ ತೊಂದರೆ ಕೊಡಲಿಲ್ಲ ಅಂದ್ರೆ, ಅವನ ಸೋಲೋಗಳು ಬಹುಪಾಲು ಒಂಟಿ ಸ್ವರದ ಸಾಲುಗಳು. ಒಂದು ಸಲಕ್ಕೆ ಒಂದೇ ಸ್ವರ ಇದ್ದಾಗ ಕ್ಲಿಪ್ಪಿಂಗ್ ಕೊಡೋದು ಆ ಸ್ವರದ್ದೇ ಹಾರ್ಮೋನಿಕ್ಸ್. ಸ್ಯಾಕ್ಸೋಫೋನಿನ ಹಾಗೆ ಯೋಚಿಸಿದವನಿಗೆ ಸ್ಯಾಕ್ಸೋಫೋನಿನ ಹಾಗೆಯೇ ದನಿ ಸಿಕ್ಕಿತು.

1979ರ ಹೊತ್ತಿಗೆ ಬಂದ ಇಬಾನೆಝ್ ಟ್ಯೂಬ್ ಸ್ಕ್ರೀಮರ್ ಪೆಡಲಿನ ಒಳಗೆ ಟ್ಯೂಬ್ ಇಲ್ಲವೇ ಇಲ್ಲ. ಆಪ್-ಆಂಪಿನ ಫೀಡ್‌ಬ್ಯಾಕ್ ಲೂಪಿನಲ್ಲಿ ಎದುರು ಬದುರಾಗಿ ಎರಡು ಡಯೋಡ್. ಸಿಗ್ನಲ್ ದೊಡ್ಡದಾದಾಗ ಡಯೋಡ್ ಆನ್ ಆಗಿ ಗೇನ್ ಇಳಿಯುತ್ತೆ, ಕ್ಲಿಪ್ಪಿಂಗ್ ಮೆತ್ತಗಾಗುತ್ತೆ, ಮೂಲ ಸಿಗ್ನಲ್ಲೂ ಜೊತೆಯಲ್ಲೇ ದಾಟಿ ಹೋಗುತ್ತೆ. ಜಾಝ್ ಗಿಗ್ಗಿಗೆ ನಾವು ಇಡೋ ಸೆಟ್ಟಿಂಗ್ ಹೇಳಿಬಿಡ್ತೀವಿ: ಗಿಟಾರಿನ ನೆಕ್ ಪಿಕಪ್, ಪೆಡಲಿನ ಡ್ರೈವ್ ಗಡಿಯಾರದ ಒಂಬತ್ತು ಗಂಟೆ ಜಾಗಕ್ಕಿಂತ ಮೇಲೆ ಬೇಡ, ಟೋನ್ ತಗ್ಗಿಸಿ, ಲೆವೆಲ್ ಏರಿಸಿ. ಆಮೇಲೆ ಪೆಡಲನ್ನ ಕಾಲಲ್ಲಿ ಒತ್ತಿ ಒತ್ತಿ ಆಡಬೇಡಿ. ಬೇರೆಯವರ ಸೋಲೋಗೆ ಕಾರ್ಡ್ ಹಾಕೋವಾಗ ಗಿಟಾರಿನ ವಾಲ್ಯೂಮ್ ಐದಾರಕ್ಕೆ ಇಳಿಸಿ, ನೆಂಟರೆಲ್ಲ ಮನೆಗೆ ಹೋಗ್ತಾರೆ. ನಿಮ್ಮ ಸೋಲೋ ಬಂದಾಗ ಹತ್ತಕ್ಕೆ ಏರಿಸಿ. ಇದೆಲ್ಲ ಬರೀ ವಾದ ಅನ್ನೋರು ಜಾನ್ ಸ್ಕೋಫೀಲ್ಡ್ ಕೇಳಿ. ಜಾಝ್‌ನ ದೊಡ್ಡ ಗಿಟಾರಿಸ್ಟುಗಳಲ್ಲಿ ಒಬ್ಬರು, ಅವರ ಕಾಲ ಕೆಳಗೆ ಇರೋದು ರ‍್ಯಾಟ್ ಅನ್ನೋ ಡಿಸ್ಟಾರ್ಷನ್ ಪೆಡಲ್.

ಚಾರ್ಲಿಯ ಕತೆಗೆ ವಾಪಸ್ ಬರೋಣ, ಉಳಿದಿರೋದು ಸ್ವಲ್ಪವೇ. ಅವನಿಗೆ ಕ್ಷಯ ಇತ್ತು. 1940ರಲ್ಲೇ ಒಮ್ಮೆ ಆಸ್ಪತ್ರೆ ಸೇರಿ ಬಂದಿದ್ದ. ರಾತ್ರಿಯಿಡೀ ಹೊಗೆ ತುಂಬಿದ ಕ್ಲಬ್, ಹಗಲೆಲ್ಲ ಪ್ರಯಾಣ, ನಿದ್ದೆ ಇಲ್ಲ. ಮಿಂಟನ್ಸ್‌ನ ಆ ಮೇ ತಿಂಗಳ ರೆಕಾರ್ಡಿಂಗುಗಳಲ್ಲಿ ಕಾಯಿಲೆಯವನು ನುಡಿಸ್ತಿದ್ದಾನೆ ಅಂತ ಯಾರಿಗೂ ಅನ್ನಿಸಲ್ಲ. ಮುಂದಿನ ತಿಂಗಳೇ, 1941ರ ಜೂನ್‌ನಲ್ಲಿ, ಅವನನ್ನ ಸ್ಟೇಟನ್ ಐಲ್ಯಾಂಡಿನ ಸೀವ್ಯೂ ಆಸ್ಪತ್ರೆಗೆ ಸೇರಿಸಿದರು. ವಿಕ್ಟರ್ ಹ್ಯೂಗೋದ ಆ ರಾತ್ರಿಯಿಂದ ಅಲ್ಲಿಯವರೆಗೆ ಲೆಕ್ಕ ಹಾಕಿದ್ರೆ 22 ತಿಂಗಳು, ನಮ್ಮ ನಾಲ್ಕು ಸೆಮಿಸ್ಟರಿಗಿಂತ ಕಮ್ಮಿ.

ಆಗ ಕ್ಷಯಕ್ಕೆ ಇದ್ದ ಚಿಕಿತ್ಸೆ ಅಂದ್ರೆ ವಿಶ್ರಾಂತಿ, ಊಟ, ಒಳ್ಳೇ ಗಾಳಿ. 1942ರ ಮಾರ್ಚ್ 2ರಂದು ಚಾರ್ಲಿ ತೀರಿಕೊಂಡ. ಕ್ಷಯದ ಮೊದಲ ಪರಿಣಾಮಕಾರಿ ಔಷಧಿ ಸ್ಟ್ರೆಪ್ಟೊಮೈಸಿನ್ ಪತ್ತೆಯಾಗಿದ್ದು 1943ರ ಅಕ್ಟೋಬರ್‌ನಲ್ಲಿ, ಸ್ಟೇಟನ್ ಐಲ್ಯಾಂಡಿನ ಪಕ್ಕದ ರಾಜ್ಯವಾದ ನ್ಯೂಜೆರ್ಸಿಯ ರಟ್‌ಗರ್ಸ್ ಯೂನಿವರ್ಸಿಟಿಯ ಲ್ಯಾಬಿನಲ್ಲಿ.

ಮಗುವಾಗಿದ್ದಾಗ ಬಿಟ್ಟುಬಂದಿದ್ದ ಬಾನ್‌ಹ್ಯಾಮ್ ಊರಿನ ಗೇಟ್ಸ್ ಹಿಲ್ ಸ್ಮಶಾನದಲ್ಲಿ ಅವನನ್ನ ಹೂಳಿದರು. ಅಲ್ಲಿ ಅವನ ಹೆಸರಿನ ಕಲ್ಲು ನೆಟ್ಟಿದ್ದು 1994ರಲ್ಲಿ.